ಓಡದ ಕಾರು ಕಲಿಸದ ಪಾಠ

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ಹಳದಿ ಬಣ್ಣದ ರೋಲ್ಸ್ ರಾಯ್ಸ್ 'ಸಿಲ್ವರ್ ಘೋಸ್ಟ್' ಕಾರೊಂದಿದೆ. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ಅದನ್ನು ತಮಗಾಗಿ ಮಾಡಿಸಿದರು. ಅದು ಬರುವ ಮೊದಲೇ, 1911ರಲ್ಲಿ, ತೀರಿಕೊಂಡರು. ಒಳಗೆ ಸಿಂಹಾಸನದಂಥ ಆಸನವಿರುವ ಆ ಕಾರು ಮಗ ಉಸ್ಮಾನ್ ಅಲಿ ಖಾನರ ಪಾಲಾಯಿತು. ಓಡಿದ್ದು ಮಾತ್ರ ಕೆಲವೇ ನೂರು ಮೈಲಿ. ಸಂಸ್ಥಾನದ ಬೊಕ್ಕಸಕ್ಕೆ ಕಂದಾಯ ಕಟ್ಟಿದವರಲ್ಲಿ ನಮ್ಮ ಬೀದರ ಸೀಮೆಯ ರೈತರೂ ಇದ್ದರು.

ಬಿದ್ರಿ ಹೂಜಿ ಹಿಡಿದವರು ಬೆಳ್ಳಿಯ ಕುಸುರಿಯನ್ನು ಹೊಗಳುತ್ತಾರೆ. ಅದನ್ನು ಹೊತ್ತ ಸತು-ತಾಮ್ರದ ಎರಕದ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಈ ಕಾರಿನದೂ ಅದೇ ಕಥೆ. ನೋಡುವವರು ಮೆಚ್ಚುವ ಮೈಕಟ್ಟು ಲಂಡನ್ನಿನ ಬಾರ್ಕರ್ ಕಂಪನಿಯದು. ರೋಲ್ಸ್ ರಾಯ್ಸ್ ಮಾರುತ್ತಿದ್ದುದು ಎಂಜಿನ್ ಸಮೇತದ ಚಾಸಿಯನ್ನಷ್ಟೆ. ನಿಜವಾದ ಹೊಸತನ ಇದ್ದುದು ಅಲ್ಲಿ.

ಆ ಹೊಸತನ ಹುಟ್ಟಿದ್ದು ಮುರಿತದಿಂದ. ಹೆನ್ರಿ ರಾಯ್ಸ್ ಮೊದಲು ಮಾಡಿದ ಆರು ಸಿಲಿಂಡರಿನ ಕಾರುಗಳಲ್ಲಿ ಕ್ರ್ಯಾಂಕ್‌ಶಾಫ್ಟ್ ಮುರಿಯುತ್ತಿತ್ತು. ಪ್ರತಿ ಸಿಲಿಂಡರಿನ ಹೊಡೆತಕ್ಕೂ ಉದ್ದನೆಯ ಶಾಫ್ಟ್ ತುಸು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಪಂಚಮಿಯ ಜೋಕಾಲಿಯನ್ನು ಹದವರಿತು ತಳ್ಳಿದರೆ ಅದು ಮೇಲೇರುತ್ತ ಹೋಗುವಂತೆ, ಒಂದು ವೇಗದಲ್ಲಿ ಈ ತಿರುಚು ಬೆಳೆಯುತ್ತ ಹೋಗಿ ಉಕ್ಕೇ ಸೋಲುತ್ತದೆ. 1906ರಲ್ಲಿ ಬಂದ 7,036 ಸಿಸಿಯ ಹೊಸ ಎಂಜಿನ್ನಿನಲ್ಲಿ ರಾಯ್ಸ್ ಸಿಲಿಂಡರುಗಳನ್ನು ಮೂರು ಮೂರರಂತೆ ಎರಡು ಗುಂಪು ಮಾಡಿದರು. ಶಾಫ್ಟನ್ನು ದಪ್ಪಗೊಳಿಸಿ ಏಳು ಬೇರಿಂಗುಗಳ ಮೇಲೆ ಕೂರಿಸಿದರು, ಎಣ್ಣೆ ಒತ್ತಡದಿಂದ ಹರಿಯುವಂತೆ ಮಾಡಿದರು. 1907ರಲ್ಲಿ ಇಂಥ ಕಾರನ್ನು 15,000 ಮೈಲಿ ಓಡಿಸಿ, ಆಮೇಲೆ ಬಿಚ್ಚಿ, ಯಾವ ಭಾಗ ಎಷ್ಟು ಸವೆದಿದೆ ಎಂದು ಅಳೆದರು.

ಮರುವರ್ಷ ಪರೀಕ್ಷೆ ನಮ್ಮ ನೆರೆಗೇ ಬಂತು. ಮುಂಬೈ-ಕೊಲ್ಲಾಪುರ ಸ್ಪರ್ಧೆಯಲ್ಲಿ ಘಟ್ಟಗಳನ್ನು ಹತ್ತಿ ಗೆದ್ದ ಸಿಲ್ವರ್ ಘೋಸ್ಟನ್ನು ಗ್ವಾಲಿಯರ್ ಮಹಾರಾಜರು ಕೊಂಡರು. ಆದರೆ 1912ರಲ್ಲಿ ಆಸ್ಟ್ರಿಯಾದ ಕಾಟ್ಷ್‌ಬರ್ಗ್ ಏರಿನಲ್ಲಿ ಮೂರು ಗೇರುಗಳ ಇದೇ ಮಾದರಿಯ ಕಾರು ಸೋತು ನಿಂತಿತು. ಕಂಪನಿ ನೆಪ ಹೇಳಲಿಲ್ಲ. ನಾಲ್ಕು ಗೇರುಗಳನ್ನು ಅಳವಡಿಸಿ 1913ರಲ್ಲಿ ಆಲ್ಪ್ಸ್ ಪರ್ವತಕ್ಕೆ ಮರಳಿತು.

ಬ್ರೇಕಿನ ಪಾಠವನ್ನು ಇತರರಿಂದಲೂ ಕಲಿಯಬೇಕಾಯಿತು. 1919ರ ಹಿಸ್ಪಾನೊ-ಸುಯಿಜಾ ಕಾರಿನಲ್ಲಿ ಚಾಲಕ ಪೆಡಲ್ ಒತ್ತಿದರೆ, ತಿರುಗುತ್ತಿರುವ ಗೇರ್‌ಬಾಕ್ಸಿನ ಬಲವೇ ನಾಲ್ಕೂ ಚಕ್ರಗಳ ಬ್ರೇಕನ್ನು ಎಳೆಯುತ್ತಿತ್ತು. ಅದೇ ತತ್ವದ ಸರ್ವೊ ಬ್ರೇಕ್ 1924ರ ಹೊತ್ತಿಗೆ ಸಿಲ್ವರ್ ಘೋಸ್ಟಿಗೂ ಬಂತು.

ಇಲ್ಲಿ ನನ್ನನ್ನು ಕಾಡುವ ಮಾತೊಂದಿದೆ. ಈ ಸುಧಾರಣೆಗಳೆಲ್ಲ ಬಂದದ್ದು ಓಡಿದ, ಮುರಿದ, ಏರಿನಲ್ಲಿ ಸೋತ ಕಾರುಗಳಿಂದ. ಶತಮಾನಗಳಿಂದ ಲೋಹ ಕರಗಿಸಿ ಎರಕ ಹೊಯ್ಯುವ ಜನರಿದ್ದ ಸಂಸ್ಥಾನಕ್ಕೆ ಬಂದದ್ದು ನೋಡಿ ಬೆರಗಾಗಬೇಕಾದ ಕಾರು, ಬಿಚ್ಚಿ ಕಲಿಯಬೇಕಾದ ಕಾರಲ್ಲ. ಓಡದ ಕಾರು ಸವೆಯುವುದಿಲ್ಲ, ಸವೆಯದ ಕಾರು ಏನನ್ನೂ ಕಲಿಸುವುದಿಲ್ಲ.

1932ರಲ್ಲಿ ನಿಜಾಮರ ರೈಲ್ವೆ 27 ಬಸ್ಸುಗಳಿಂದ ರಸ್ತೆ ಸಾರಿಗೆ ಆರಂಭಿಸಿತು. ಹೈದರಾಬಾದ್ ಸಂಸ್ಥಾನದ ಮೋಟಾರು ಚರಿತ್ರೆ ಬರೆಯುವವರು ಆ ಹಳದಿ ಕಾರಿಗಿಂತ ಈ ಬಸ್ಸುಗಳ ಡಿಪೋಗಳಲ್ಲಿ ಹೆಚ್ಚು ಹುಡುಕಬೇಕು ಎಂದು ನನಗನ್ನಿಸುತ್ತದೆ. ಈಗ ಭಾಲ್ಕಿಯಿಂದ ಬೀದರಕ್ಕೆ ಹೊರಟ ತುಂಬಿದ ಬಸ್ಸು ಕೂಡ ಚಾಲಕನ ಕಾಲಿನ ಬಲದಿಂದ ನಿಲ್ಲುವುದಿಲ್ಲ. ಕಾಲು ಅಪ್ಪಣೆ ಕೊಡುತ್ತದೆ, ಎಂಜಿನ್ ಒತ್ತಿಟ್ಟ ಗಾಳಿ ಚಕ್ರಗಳನ್ನು ಹಿಡಿಯುತ್ತದೆ. ಹಿಂದೆ ಸಿರಿವಂತರ ಕಾರಿಗಷ್ಟೇ ಸಿಕ್ಕಿದ್ದ ಆ ಸೌಕರ್ಯ ಈಗ ಸಂತೆಗೆ ಹೊರಟವರ ಜೀವ ಕಾಯುತ್ತಿದೆ.