ಯಜಮಾನನಿಲ್ಲದ ಮನೆ

ಊರು ಬಿಡುವವರು ಪಾತ್ರೆ ಪಡಗಗಳನ್ನು ಗಾಡಿಗೇರಿಸುತ್ತಾರೆ, ಒಲೆಯನ್ನು ಕಿತ್ತೊಯ್ಯುವುದಿಲ್ಲ. ಹೊಸ ಊರಿನಲ್ಲಿ ಅನ್ನ ಬೇಯಿಸಬೇಕಾದಾಗ ಅದರ ನೆನಪಾಗುತ್ತದೆ. ಕಳೆದ ಮಳೆಗಾಲದಲ್ಲಿ ನನಗೆ ಆದದ್ದೂ ಇದೇ.

ನನ್ನ ಗಣಕಯಂತ್ರದ ಹಾರ್ಡ್ ಡಿಸ್ಕು ಕಟಕಟ ಸದ್ದು ಮಾಡತೊಡಗಿತ್ತು. ಹದಿನಾರು ವರ್ಷಗಳಿಂದ ಶಾಸನಗಳಲ್ಲಿ ಆಯ್ದುಕೊಂಡ ಹಳಗನ್ನಡ ಪದಗಳ ಟಿಪ್ಪಣಿಗಳು ಅದರೊಳಗಿದ್ದವು. ಬಹುಪಾಲನ್ನು ಬೆರಳಚ್ಚು ಮಾಡಿಕೊಟ್ಟವಳು ನನ್ನ ಪತ್ನಿ. ಆಕೆ ಈಗಿಲ್ಲ. ಹೊಸ ಡಿಸ್ಕು ತಂದು, ಕಡತಗಳನ್ನೆಲ್ಲ ನಾನೇ ಅದಕ್ಕೆ ನಕಲು ಮಾಡಿ, ಹಳೆಯದನ್ನು ಬಿಚ್ಚಿಟ್ಟು ಯಂತ್ರವನ್ನು ಚಾಲೂ ಮಾಡಿದೆ. ಕಪ್ಪು ಪರದೆಯ ಮೇಲೆ ಒಂದೇ ಸಾಲು ಮೂಡಿ ನಿಂತಿತು. ದುರಸ್ತಿ ಅಂಗಡಿಯ ಹುಡುಗ ನೋಡಿ, "ಸಾಮಾನೆಲ್ಲ ಬಂದಿದೆ ಸಾರ್, ಯಜಮಾನ ಬಂದಿಲ್ಲ" ಎಂದ.

ಈ ಯಜಮಾನನಿಗೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಅವನ ವಾಸಸ್ಥಳಕ್ಕೂ ಒಂದು ಇತಿಹಾಸವುಂಟು. 1956ರಲ್ಲಿ ಐಬಿಎಂ ಸಂಸ್ಥೆಯು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ರೂಪಿಸಿದ ರಾಮ್ಯಾಕ್ ಯಂತ್ರದ ಡಿಸ್ಕೇ ಈ ವಂಶದ ಮೂಲಪುರುಷ. 24 ಅಂಗುಲ ವ್ಯಾಸದ 50 ತಟ್ಟೆಗಳು, ಒಂದು ಟನ್ನಿಗೆ ಮೀರಿದ ತೂಕ. ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. 1981ರ ಐಬಿಎಂ ಪಿಸಿ ಹಾರ್ಡ್ ಡಿಸ್ಕಿಲ್ಲದೆಯೇ ಹೊರಬಂದಿತು. ಯಜಮಾನನು ತೆಳುವಾದ ಫ್ಲಾಪಿಯಲ್ಲಿ ಕೈಯಿಂದ ಕೈಗೆ ಸಂಚರಿಸುತ್ತಿದ್ದನು. 1983ರ ಪಿಸಿ ಎಕ್ಸ್‌ಟಿಯಲ್ಲಿ 10 ಮೆಗಾಬೈಟಿನ ಡಿಸ್ಕು ಪೆಟ್ಟಿಗೆಯೊಳಗೇ ಕುಳಿತಿತು. ಅವನಿಗೆ ಕಾಯಂ ಮನೆಯಾಯಿತು. ಮನೆ ಬದಲಿಸುವ ಕಷ್ಟವೂ ಅಂದಿನಿಂದಲೇ ಮೊದಲಾಯಿತು.

ಏಕೆಂದರೆ, ವಿದ್ಯುತ್ತು ಹರಿದೊಡನೆ ಅಂಥ ಯಂತ್ರವು ಕಡತಗಳನ್ನು ಹುಡುಕುತ್ತಿರಲಿಲ್ಲ. ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದುತ್ತಿತ್ತು. ಡಿಸ್ಕು ಎಷ್ಟು ಪಾಲಾಗಿದೆ, ಯಾವ ಪಾಲಿನಿಂದ ಕೆಲಸ ಆರಂಭಿಸಬೇಕು ಎಂಬುದು ಅಲ್ಲಿ ಬರೆದಿರುತ್ತಿತ್ತು. ಆ ಜಾಗವು ಯಾವ ಕಡತಕ್ಕೂ ಸೇರಿದ್ದಲ್ಲ. ಕಡತಗಳನ್ನು ನಕಲು ಮಾಡುವವನ ಕಣ್ಣಿಗೆ ಬೀಳುವುದೂ ಇಲ್ಲ. ಡಾಸ್ ವ್ಯವಸ್ಥೆಯ ಎರಡು ಮೂಲಕಡತಗಳೂ ಮರೆಯಲ್ಲಿರುತ್ತಿದ್ದವು. 'ಕಾಪಿ' ಎಂಬ ಆಜ್ಞೆ ಅವನ್ನು ಮುಟ್ಟುತ್ತಿರಲಿಲ್ಲ. ಅವನ್ನು ಸಾಗಿಸಲೆಂದೇ 'ಸಿಸ್' ಎಂಬ ಬೇರೆ ಆಜ್ಞೆಯಿತ್ತು. ನಾನು ಮಾಡಿದ್ದು ನಾಲ್ಕು ದಶಕಗಳಷ್ಟು ಹಳೆಯ ತಪ್ಪು.

ಇನ್ನೊಂದು ದಾರಿಯೂ ಇದೆ. ಕಡತವೆಂಬ ಭೇದವನ್ನೇ ಎಣಿಸದೆ, ಡಿಸ್ಕನ್ನು ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ಇದ್ದಂತೆ ಇಳಿಸಿಕೊಳ್ಳುವುದು. ಯೂನಿಕ್ಸ್ ವ್ಯವಸ್ಥೆಯ 'ಡಿಡಿ' 1970ರ ದಶಕದಿಂದಲೇ ಇದನ್ನು ಬಲ್ಲುದು. ನ್ಯೂಜಿಲೆಂಡಿನಲ್ಲಿ ಹುಟ್ಟಿ 1998ರಲ್ಲಿ ಸಿಮ್ಯಾಂಟೆಕ್ ಸಂಸ್ಥೆಯ ಕೈಸೇರಿದ 'ಘೋಸ್ಟ್' ಇಡಿಯ ಡಿಸ್ಕಿನ ಪ್ರತಿ ತೆಗೆಯುವ ಕೆಲಸವನ್ನು ಕಚೇರಿಗಳಲ್ಲಿ ಬಳಕೆಗೆ ತಂದಿತು. ಕಂಡದ್ದನ್ನು ಕಂಡಂತೆ ಬರೆದಿದ್ದೇನೆಂದು ಕೈಮುಗಿಯುತ್ತಿದ್ದ ನಮ್ಮ ಓಲೆಯ ಲಿಪಿಕಾರರ ಧರ್ಮವೂ ಇದೇ ಅಲ್ಲವೆ? ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿದಳೆಂಬ ಕೀರ್ತಿಯುಂಟು. ಗರಿ ಅಳಿಯುವ ಮುನ್ನ ಗ್ರಂಥ ಬೇರೆ ಗರಿಗೆ ದಾಟಬೇಕು.

ಹುಡುಗ ಇಡೀ ರಾತ್ರಿ ಯಂತ್ರವನ್ನು ಈ ಕೆಲಸಕ್ಕೆ ಬಿಟ್ಟ. ಬೆಳಿಗ್ಗೆ ಹೊಸ ಡಿಸ್ಕಿನಿಂದ ಯಂತ್ರ ಎದ್ದು ಕುಳಿತಿತು. ಟಿಪ್ಪಣಿಗಳೆಲ್ಲ ಕನ್ನಡದಲ್ಲೇ ತೆರೆದುಕೊಂಡವು. ಎರಡು ಕಡತಗಳು ಮಾತ್ರ ಬರಲಿಲ್ಲ. ತಟ್ಟೆಯ ಆ ಭಾಗ ಸವೆದಿತ್ತು. ಒಂದು ವರ್ಷ ಮೊದಲೇ ಬಂದಿದ್ದರೆ ಎಂದು ಹುಡುಗ ಹೇಳಲಿಲ್ಲ, ನಾನೇ ಹೇಳಿಕೊಂಡೆ.

ಕೆಲಸ ಇಲ್ಲಿಗೇ ಮುಗಿಯಲಿಲ್ಲ. ಆ ಟಿಪ್ಪಣಿಗಳು ಹಳೆಯ ಅಕ್ಷರವಿನ್ಯಾಸದವು; ಅದಿಲ್ಲದ ಯಂತ್ರದಲ್ಲಿ ಅವು ಅರ್ಥವಿಲ್ಲದ ಗುರುತುಗಳ ರಾಶಿ. ಇದ್ದಂತೆ ಸಾಗಿಸಿದರೆ ಮುಂದಿನ ಮನೆಯವರೆಗೆ ಬಾಳಿಕೆ. ಎಲ್ಲ ಮನೆಗಳಲ್ಲೂ ಬಾಳಬೇಕಾದರೆ ಲಿಪ್ಯಂತರ ಬೇಕು. ಮೂಡಬಿದಿರೆಯ ಧವಲಾ ಗ್ರಂಥಗಳು ಹಳಗನ್ನಡ ಲಿಪಿಯ ಓಲೆಗಳಿಂದ ನಾಗರಿ ಲಿಪಿಗೆ ಬಂದ ಮೇಲೆಯೇ ಹೊರನಾಡಿನ ವಿದ್ವಾಂಸರ ಕೈಗೆಟುಕಿದವು. ಕನ್ನಡಕ್ಕೆ 1991ರಿಂದ ಯೂನಿಕೋಡಿನಲ್ಲಿ ಸ್ಥಾನವಿದೆ. ಈಗ ದಿನಕ್ಕೆ ಹತ್ತು ಪುಟಗಳಂತೆ ಅದಕ್ಕೆ ಬದಲಿಸಿ, ಮೂಲದೊಡನೆ ಒತ್ತಟ್ಟಿಗಿಟ್ಟು ಓದುತ್ತಿದ್ದೇನೆ. 'ಶಾಸನ'ವನ್ನು ಆಕೆ ಅವಸರದಲ್ಲಿ 'ಶಾನಸ' ಎಂದು ಒತ್ತಿದ್ದು ಅಲ್ಲಲ್ಲಿ ಕಾಣುತ್ತದೆ. ಎಲ್ಲವನ್ನೂ ತಿದ್ದಿದ್ದೇನೆ, ಒಂದನ್ನುಳಿದು.

(ಬಾನುಲಿ ಭಾಷಣ)