ಬುಟ್ಟಿ, ಚೆಂಡು ಮತ್ತು ಕಾಲೇಜಿನ ಹೆಣ್ಣುಮಕ್ಕಳು

ವಿಜಯನಗರದಲ್ಲಿ ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದರೆ ಕಂಠೀರವ ಒಳಾಂಗಣ ಕ್ರೀಡಾಂಗಣಕ್ಕೆ ನಡೆದೇ ಹೋಗಬಹುದು. 2017ರ ಜುಲೈ 29ರಂದು ಅಲ್ಲಿ ಮಹಿಳೆಯರ ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ಪಂದ್ಯಾವಳಿಯ ಕೊನೆಯ ದಿನ. ಭಾರತ ಆಗ ಕೆಳಗಿನದಾದ ಬಿ ವಿಭಾಗದಲ್ಲಿತ್ತು. ಗೆದ್ದವರಿಗೆ ಏಷ್ಯದ ಮೊದಲ ಎಂಟು ತಂಡಗಳ ಪಂಕ್ತಿಗೆ ಏರುವ ಅವಕಾಶ. ಸೋತವರು ಮತ್ತೆರಡು ವರ್ಷ ಕಾಯಬೇಕು. ಆಟ ಮುಗಿದಾಗ ಹಲಗೆಯ ಮೇಲೆ ಭಾರತ 75, ಕಜಕಸ್ತಾನ 73. ವ್ಯತ್ಯಾಸ ಒಂದೇ ಒಂದು ಬುಟ್ಟಿ. ಮೇಲಿನ ವಿಭಾಗದ ಅಂತಿಮ ಪಂದ್ಯದಲ್ಲಿ ಜಪಾನು ಆಸ್ಟ್ರೇಲಿಯವನ್ನು 74–73ರಿಂದ ಸೋಲಿಸಿತು. ಅಲ್ಲಿಯದು ಇನ್ನೂ ಬಿಗಿ!

ರಾಜಾಜಿನಗರ, ಬಸವೇಶ್ವರನಗರಗಳ ಶಾಲೆಯ ಅಂಗಳದಲ್ಲಿ ಸಂಜೆಯ ಹೊತ್ತು ಚೆಂಡು ಪುಟಿಸುವ ಹುಡುಗಿಯರನ್ನು ನೋಡಿ ಅಭ್ಯಾಸವಾದ ನಮಗೆ, ಈ ಆಟವನ್ನು ಹೆಣ್ಣುಮಕ್ಕಳು ಆಡುವಾಗ ಗಂಡಸರು ನೋಡಬಾರದೆಂದು ಬಾಗಿಲು ಹಾಕುತ್ತಿದ್ದ ಕಾಲವೊಂದಿತ್ತು ಎಂದರೆ ನಂಬಿಕೆ ಬರುವುದು ಕಷ್ಟ.

ಆಟ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಅಮೆರಿಕೆಯ ಸ್ಪ್ರಿಂಗ್‌ಫೀಲ್ಡಿನಲ್ಲಿ. ವೈ.ಎಂ.ಸಿ.ಎ. ತರಬೇತಿ ಶಾಲೆಯ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರಿಗೆ ಚಳಿಗಾಲದಲ್ಲಿ ಹುಡುಗರನ್ನು ಒಳಗಡೆಯೇ ಆಡಿಸಬೇಕಾಗಿತ್ತು. ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಹತ್ತು ಅಡಿ ಎತ್ತರದಲ್ಲಿ ಮೊಳೆ ಹೊಡೆದು ನಿಲ್ಲಿಸಿದರು. ಹದಿಮೂರು ನಿಯಮ ಬರೆದರು. ಬುಟ್ಟಿಗೆ ತಳವಿದ್ದುದರಿಂದ ಚೆಂಡು ಒಳಗೆ ಬಿದ್ದರೆ ಮತ್ತೆ ತೆಗೆಯುವ ಪಾಡು ಬೇರೆ. ಆ ಹತ್ತಡಿ ಮಾತ್ರ ಇಂದಿಗೂ ಬದಲಾಗಿಲ್ಲ.

ಮರುವರ್ಷವೇ ಅಲ್ಲಿಗೆ ಸಮೀಪದ ಸ್ಮಿತ್ ಮಹಿಳಾ ಕಾಲೇಜಿನ ಸೆಂಡಾ ಬೆರೆನ್‌ಸನ್ ಅದನ್ನು ತಮ್ಮ ವಿದ್ಯಾರ್ಥಿನಿಯರಿಗೆ ಕಲಿಸಿದರು. ಆದರೆ ಸುಕುಮಾರಿಯರಿಗೆ ಆಯಾಸವಾದೀತೆಂಬ ಆತಂಕದ ಕಾಲ ಅದು. ಅಂಕಣವನ್ನು ಮೂರು ಪಾಲು ಮಾಡಿ ಆಟಗಾರ್ತಿಯರು ತಮ್ಮ ಪಾಲನ್ನು ದಾಟದಂತೆ ಮಾಡಿದರು. ಎದುರಾಳಿಯ ಕೈಯಿಂದ ಚೆಂಡು ಕಸಿಯುವಂತಿರಲಿಲ್ಲ, ಮೂರು ಸಲಕ್ಕಿಂತ ಹೆಚ್ಚು ಪುಟಿಸುವಂತಿರಲಿಲ್ಲ. 1896ರ ಏಪ್ರಿಲ್ 4ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಗಳ ಹುಡುಗಿಯರು ಎದುರುಬದುರಾದರು. ಗಂಡಸರಿಗೆ ಪ್ರವೇಶವಿಲ್ಲ. ಸ್ಟ್ಯಾನ್‌ಫರ್ಡ್ ಗೆದ್ದದ್ದು 2–1ರಿಂದ. ಇಡೀ ಪಂದ್ಯಕ್ಕೆ ಮೂರೇ ಅಂಕ!

ಆದರೆ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವುದು ಇನ್ನೊಂದು ಕಾಲೇಜು. ಫಿಲಡೆಲ್ಫಿಯದ ಬಳಿಯ ಇಮ್ಯಾಕ್ಯುಲೇಟಾ, ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಪುಟ್ಟ ಮಹಿಳಾ ಕಾಲೇಜು. ಅದರ ವ್ಯಾಯಾಮಶಾಲೆ 1967ರಲ್ಲಿ ಸುಟ್ಟುಹೋಗಿತ್ತು. ತರಬೇತಿಗೆ ಬಂದ ಕ್ಯಾಥಿ ರಶ್ ಅವರಿಗೆ ವರ್ಷದ ಸಂಭಾವನೆ 450 ಡಾಲರು. ಹುಡುಗಿಯರು ಆಡುತ್ತಿದ್ದುದು ಉಣ್ಣೆಯ ನಿಲುವಂಗಿಯಲ್ಲಿ. 1972ರಲ್ಲಿ ಪ್ರಾಂತದ ಅಂತಿಮ ಪಂದ್ಯದಲ್ಲಿ ನೆರೆಯ ವೆಸ್ಟ್ ಚೆಸ್ಟರ್ ಕಾಲೇಜು ಇವರನ್ನು 70–38ರಿಂದ ಮಣ್ಣುಮುಕ್ಕಿಸಿತು. ಅಷ್ಟಾದರೂ ಇಲಿನಾಯ್ ಪ್ರಾಂತದಲ್ಲಿ ನಡೆಯಲಿದ್ದ ರಾಷ್ಟ್ರೀಯ ಪಂದ್ಯಾವಳಿಗೆ ಆಹ್ವಾನ ಬಂತು, ಕೈಯಲ್ಲಿ ಹಣವಿಲ್ಲ. ಹಲ್ಲುಜ್ಜುವ ಬ್ರಷ್ಷುಗಳನ್ನು ಮಾರಿ ಹಣ ಕೂಡಿಸಿದರು. ಎಂಟು ಮಂದಿಗೆ ಮಾತ್ರ ವಿಮಾನದ ಟಿಕೆಟ್ಟು ಒದಗಿತು. ಉಳಿದವರು ಊರಿನಲ್ಲೇ ಉಳಿದರು. ಅಂತಿಮ ಪಂದ್ಯದಲ್ಲಿ ಎದುರು ನಿಂತದ್ದು ಅದೇ ವೆಸ್ಟ್ ಚೆಸ್ಟರ್. ಕೆಲವೇ ದಿನಗಳ ಹಿಂದೆ 32 ಅಂಕಗಳಿಂದ ಸೋತಿದ್ದವರು ಈ ಸಲ 52–48ರಿಂದ ಗೆದ್ದರು. ಮುಂದಿನ ಎರಡು ವರ್ಷವೂ ಅವರೇ ಗೆದ್ದರು. ಅವರ ಪಂದ್ಯಗಳಿಗೆ ಸನ್ಯಾಸಿನಿಯರು ತಗಡಿನ ಬಕೆಟ್ಟುಗಳನ್ನು ಬಡಿದು ಹುರಿದುಂಬಿಸುತ್ತಿದ್ದರಂತೆ. 1975ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮೊದಲ ಬಾರಿಗೆ ಮಹಿಳೆಯರ ಪಂದ್ಯ ನಡೆದಾಗ ಆಡಿದ ತಂಡಗಳಲ್ಲಿ ಒಂದು ಇದೇ ಕಾಲೇಜಿನದು. ನೋಡಲು ಬಂದವರು ಸುಮಾರು 12,000.

ದಕ್ಷಿಣ ಭಾರತದಲ್ಲಿ ಈ ಆಟ ಬೇರೂರಲು ನೆರವಾದದ್ದೂ ವೈ.ಎಂ.ಸಿ.ಎ. ಸಂಸ್ಥೆಯೇ. 1920ರಲ್ಲಿ ಹ್ಯಾರಿ ಬಕ್ ಎಂಬುವರು ಮದರಾಸಿನಲ್ಲಿ ಆರಂಭಿಸಿದ ದೈಹಿಕ ಶಿಕ್ಷಣ ಕಾಲೇಜಿನಲ್ಲಿ ಕಲಿತವರು ಶಾಲೆ ಕಾಲೇಜುಗಳ ವ್ಯಾಯಾಮ ಶಿಕ್ಷಕರಾಗಿ ಊರೂರಿಗೆ ಹೋದರು. ಪುರುಷರ ರಾಷ್ಟ್ರೀಯ ಪಂದ್ಯಾವಳಿ 1934ರಲ್ಲಿ ದೆಹಲಿಯಲ್ಲಿ ಮೊದಲಾಯಿತು. 1950ರಲ್ಲಿ ಅಖಿಲ ಭಾರತ ಒಕ್ಕೂಟ ಹುಟ್ಟಿತು. ಇಂದು ಕೆಂಗೇರಿಗೆ ಹೋಗುವ ದಾರಿಯ ಜ್ಞಾನಭಾರತಿ ಆವರಣದಲ್ಲಿ ವಿಶ್ವವಿದ್ಯಾನಿಲಯದ ಜೊತೆಗೆ ಭಾರತ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವೂ ಇದೆ. ಪಾಠವೂ ಆಟವೂ ಒಂದೇ ಬೇಲಿಯೊಳಗೆ.

ಎರಡು ಅಂಕಗಳಿಂದ ಗಳಿಸಿದ ಆ ಬಡ್ತಿಯ ಮುಂದಿನ ಕಥೆಯನ್ನು ಮುಚ್ಚಿಡುವುದು ಸರಿಯಲ್ಲ. 2019ರ ಸೆಪ್ಟೆಂಬರಿನಲ್ಲಿ ಏಷ್ಯಾ ಕಪ್ ಮತ್ತೆ ಕಂಠೀರವಕ್ಕೇ ಬಂತು. ಮೇಲಿನ ವಿಭಾಗದಲ್ಲಿ ನಮ್ಮವರ ಮೊದಲ ಪಂದ್ಯವೇ ಜಪಾನಿನ ಎದುರು: 27–109. ಆ ಸಲ ಒಂದು ಪಂದ್ಯವೂ ದಕ್ಕಲಿಲ್ಲ. ಇಮ್ಯಾಕ್ಯುಲೇಟಾದ ಹುಡುಗಿಯರಿಗೆ 70–38ರ ಸೋಲಿನ ಬೆನ್ನಿಗೇ ಅದೇ ಎದುರಾಳಿ ಮತ್ತೆ ಸಿಕ್ಕಿದ್ದರು; ನಮ್ಮವರಿಗೆ ಜಪಾನು ಮತ್ತೆ ಸಿಕ್ಕಿದ್ದು ಎರಡು ವರ್ಷದ ಮೇಲೆ, ಅಮ್ಮಾನ್ ನಗರದಲ್ಲಿ.