ಎಲ್ಲ ಆಟಕ್ಕೂ ಸೈ ಎನ್ನುವ ಮಕ್ಕಳು, ಅಂಗಳದಂಚಿನ ಹೆತ್ತವರು

ನಮ್ಮ ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಊರಿನ ಆಟೋಟಗಳ ಇತಿಹಾಸದ ಬಗ್ಗೆ ಒಂದು ಲೇಖನ ಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದ್ದಾರೆ. ಇತಿಹಾಸ ಎಂದ ಕೂಡಲೇ ಯಾವ ವರ್ಷ ಯಾರು ಕಪ್ಪು ಗೆದ್ದರು, ಬಹುಮಾನ ಹಂಚಿದ ಗಣ್ಯರು ಯಾರು ಎಂಬ ಪಟ್ಟಿ ಕೊಡುವುದು ವಾಡಿಕೆ. ಆ ಪಟ್ಟಿ ಯುವಕ ಮಂಡಲದ ಕಪಾಟಿನ ಮೇಲೆ ಹೇಗೂ ಇದೆ. ನಾನು ಬರೆಯ ಹೊರಟದ್ದು ಪಟ್ಟಿಯಲ್ಲಿ ಬಾರದವರ ಬಗ್ಗೆ. ಒಂದೇ ಆಟಕ್ಕೆ ಅಂಟಿಕೊಳ್ಳದೆ ಕಬಡ್ಡಿಗೂ ವಾಲಿಬಾಲಿಗೂ ತ್ರೋಬಾಲಿಗೂ ಸೈ ಎನ್ನುವ ಮಕ್ಕಳು ಮತ್ತು ಅಂಕಣದ ಸುಣ್ಣದ ಗೆರೆಯಾಚೆ ನಿಂತಿರುವ ಅವರ ಅಪ್ಪ ಅಮ್ಮಂದಿರು.

ಇಂಥ ಮಕ್ಕಳು ಹಳ್ಳಿಯಲ್ಲೇ ಹೆಚ್ಚು ಯಾಕೆ ಎಂಬುದಕ್ಕೆ ಉತ್ತರ ಸುಲಭ. ಕಬಡ್ಡಿಗೆ ಏಳು ಜನ ಬೇಕು, ವಾಲಿಬಾಲಿಗೆ ಆರು, ತ್ರೋಬಾಲಿಗೆ ಏಳು, ಖೋ ಖೋಗೆ ಒಂಬತ್ತು. ನಮ್ಮಂಥ ಊರಿನ ಶಾಲೆಯಲ್ಲಿ ಮೈಗಟ್ಟಿ ಇರುವ ಹುಡುಗಿಯರು ಒಟ್ಟು ಹತ್ತೋ ಹನ್ನೆರಡೋ. ಒಂದೊಂದು ಆಟಕ್ಕೆ ಒಂದೊಂದು ತಂಡ ಎಲ್ಲಿಂದ ತರುವುದು? ಬೆಳಿಗ್ಗೆ ಕಬಡ್ಡಿ ಆಡಿದವಳೇ ಮಧ್ಯಾಹ್ನ ಮಂಡಿಯ ಮಣ್ಣು ಕೊಡವಿ ನೆಟ್ಟಿನ ಹತ್ತಿರ ನಿಲ್ಲಬೇಕು. ಪೇಟೆಯವರು ಇದನ್ನು ಬಹುಮುಖ ಪ್ರತಿಭೆ ಎನ್ನುತ್ತಾರೆ. ನಮ್ಮಲ್ಲಿ ಅದು ಜನ ಸಾಲದ್ದಕ್ಕೆ ಕಂಡುಕೊಂಡ ದಾರಿ. ಆ ದಾರಿಯಲ್ಲೇ ಒಳ್ಳೊಳ್ಳೆ ಆಟಗಾರರು ತಯಾರಾದರು ಎಂಬುದೂ ಅಷ್ಟೇ ನಿಜ.

ಕಬಡ್ಡಿ ನಮ್ಮದೇ. ಕೊಯ್ಲು ಮುಗಿದ ಗದ್ದೆ ಸಾಕು, ಕಾಸು ಖರ್ಚಿಲ್ಲ. ವಾಲಿಬಾಲ್ ಮಾತ್ರ ದೂರದಿಂದ ಬಂದದ್ದು. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಎಂಬ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಕರು ಇದನ್ನು ಹುಟ್ಟುಹಾಕಿದರು. ಬಾಸ್ಕೆಟ್‌ಬಾಲ್ ಆಡಿ ಸುಸ್ತಾಗುವ ನಡುವಯಸ್ಸಿನವರಿಗೆ ಒಂದು ಹಗುರ ಆಟ ಇರಲಿ ಎಂಬುದು ಅವರ ಉದ್ದೇಶವಾಗಿತ್ತು. ಈಗಿನ ಸ್ಮ್ಯಾಶ್ ನೋಡಿದರೆ ಹಗುರ ಎನ್ನಲಿಕ್ಕೆ ಬಾಯಿ ಬರುವುದಿಲ್ಲ. ಅದೇ ಸಂಸ್ಥೆಯ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ತರಬೇತಿ ಶಾಲೆ ತೆರೆದರು. ನಮ್ಮ ದಕ್ಷಿಣ ಕನ್ನಡ 1956ರ ತನಕ ಮದ್ರಾಸಿಗೇ ಸೇರಿದ್ದಲ್ಲವೇ? ಅಲ್ಲಿ ಪಳಗಿದ ಡ್ರಿಲ್ ಮಾಷ್ಟ್ರುಗಳು ಪ್ರಾಂತದ ಹೈಸ್ಕೂಲುಗಳಿಗೆ ಹಂಚಿಹೋದರು. ಎರಡು ಕಂಬ, ಒಂದು ಬಲೆ, ಒಂದು ಚೆಂಡು ಇದ್ದರೆ ನಡೆಯುವ ಆಟ. ಫುಟ್‌ಬಾಲಿನ ಹಾಗೆ ಎಕರೆಗಟ್ಟಲೆ ಬಯಲು ಬೇಡ. ಗುಡ್ಡೆ ತೋಟಗಳ ನಡುವಿನ ನಮ್ಮ ಊರುಗಳಿಗೆ ಅದು ಹೇಳಿ ಮಾಡಿಸಿದಂತಿತ್ತು.

ಆ ಕಾಲದ ಹೆತ್ತವರಿಗೆ ಆಟದ ಮಕ್ಕಳ ಬಗ್ಗೆ ಹೆಮ್ಮೆ ಇತ್ತೆಂದು ಹೇಳಿದರೆ ಸುಳ್ಳಾದೀತು. "ಚೆಂಡು ಹೊಡೆದರೆ ಅನ್ನ ಹುಟ್ತದಾ?" ಎಂಬ ಮಾತು ಪ್ರತಿ ಮನೆಯಲ್ಲೂ ಇತ್ತು. ಅವರನ್ನು ದೂರುವಂತಿಲ್ಲ. ಗೇಣಿ ಅಕ್ಕಿ ಅಳೆಯಬೇಕಾದ ಮನೆಗೆ ಹುಡುಗನ ಎರಡು ಕೈ ಬೇಕಾಗಿತ್ತು.

ಎರಡು ಆಟ ಬಲ್ಲವನಿಗೆ ಇನ್ನೊಂದು ಕಷ್ಟವೂ ಇದೆ. ಮದ್ರಾಸಿನ ಎಂ.ಜೆ. ಗೋಪಾಲನ್ ಅವರ ಕಥೆ ಕೇಳಿ. 1934ರ ನವೆಂಬರದಲ್ಲಿ ರಣಜಿ ಟ್ರೋಫಿಯ ಮೊತ್ತಮೊದಲ ಪಂದ್ಯ ನಡೆದದ್ದು ಮದ್ರಾಸು ಮತ್ತು ನಮ್ಮ ಮೈಸೂರು ತಂಡಗಳ ನಡುವೆ. ಅದರ ಮೊದಲ ಚೆಂಡು ಎಸೆದವರು ಇವರು. (ಮೈಸೂರು ಒಂದೇ ದಿನದಲ್ಲಿ ಸೋತಿತು, ಅದು ಬೇರೆ ವಿಷಯ!) ಮರುವರ್ಷವೇ ಧ್ಯಾನ್‌ಚಂದರ ಜೊತೆ ಹಾಕಿ ಆಡಲು ನ್ಯೂಜಿಲೆಂಡಿಗೆ ಹೋದರು. 1936ರಲ್ಲಿ ಒಂದು ಕಡೆ ಬರ್ಲಿನ್ ಒಲಿಂಪಿಕ್ಸಿನ ಹಾಕಿ, ಇನ್ನೊಂದು ಕಡೆ ಇಂಗ್ಲೆಂಡಿಗೆ ಹೊರಟ ಕ್ರಿಕೆಟ್ ತಂಡ. ಗೋಪಾಲನ್ ಕ್ರಿಕೆಟ್ ಆರಿಸಿಕೊಂಡರು. ಬರ್ಲಿನ್ನಿನಿಂದ ಚಿನ್ನ ಬಂತು, ಇಂಗ್ಲೆಂಡಿನಲ್ಲಿ ಇವರಿಗೆ ಒಂದೂ ಟೆಸ್ಟ್ ಆಡಲು ಸಿಗಲಿಲ್ಲ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಮೊದಲೇ ತಿಳಿಯುವ ಸಂಗತಿಯಲ್ಲ.

ನಮ್ಮ ನೆರೆಯ ಕೊಡಗಿನ ಎಂ.ಪಿ. ಗಣೇಶ್ ಅವರದ್ದು ಇದಕ್ಕೆ ತಿರುವುಮುರುವು. 1960ರಿಂದ 1964ರವರೆಗೆ ಅವರು ಕೊಡಗು ಜಿಲ್ಲಾ ಫುಟ್‌ಬಾಲ್ ತಂಡದಲ್ಲಿದ್ದವರು. ಸೇನೆ ಸೇರಿದ ಮೇಲೆ ಹಾಕಿ ಕೋಲು ಹಿಡಿದು 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದಲ್ಲಿ ಆಡಿದರು, 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ತಂದ ತಂಡದ ನಾಯಕರಾದರು. ಫುಟ್‌ಬಾಲಿನಲ್ಲಿ ಓಡಿದ ವರ್ಷಗಳು ದಂಡವಾಯಿತೆಂದು ಯಾರಾದರೂ ಹೇಳುತ್ತಾರಾ?

ಹೆಣ್ಣುಮಕ್ಕಳ ಮಾತಿಗೆ ಬಂದರೆ ಇತಿಹಾಸ ತೀರಾ ಈಚಿನದು. ಭಾರತದ ಮಹಿಳೆಯರು ಮೊದಲ ಟೆಸ್ಟ್ ಕ್ರಿಕೆಟ್ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲೇ, ಶಾಂತಾ ರಂಗಸ್ವಾಮಿಯವರ ನಾಯಕತ್ವದಲ್ಲಿ. ಏಷ್ಯನ್ ಕ್ರೀಡಾಕೂಟದಲ್ಲಿ ಗಂಡಸರ ಕಬಡ್ಡಿ 1990ರಲ್ಲಿ ಸೇರಿತು, ಹೆಂಗಸರದ್ದು ಸೇರಲು 2010ರ ತನಕ ಕಾಯಬೇಕಾಯಿತು. ಇಪ್ಪತ್ತು ವರ್ಷ! ಒಂದು ತಲೆಮಾರಿನ ಹುಡುಗಿಯರು ಅಷ್ಟರಲ್ಲಿ ಮದುವೆಯಾಗಿ ಮಕ್ಕಳನ್ನು ಶಾಲೆಗೆ ಕಳಿಸುತ್ತಿದ್ದರು.

2010ರ ಆ ಗುವಾಂಗ್‌ಝೌ ತಂಡದಲ್ಲಿ ನಮ್ಮ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಇದ್ದರು. ಬೇಸಾಯದ ಮನೆಯ ಮಗಳು. ಶಾಲೆಯಲ್ಲಿದ್ದಾಗ ವಾಲಿಬಾಲ್, ಗುಂಡೆಸೆತ, ಕಬಡ್ಡಿ ಎಲ್ಲದಕ್ಕೂ ಮುಂದು. ಕಬಡ್ಡಿಯನ್ನೇ ಗಟ್ಟಿಯಾಗಿ ಹಿಡಿದದ್ದು ಸುರತ್ಕಲ್ಲಿನ ಗೋವಿಂದದಾಸ ಕಾಲೇಜಿಗೆ ಸೇರಿದ ಮೇಲೆ. 2012ರಲ್ಲಿ ಪಾಟ್ನಾದಲ್ಲಿ ವಿಶ್ವಕಪ್ ಗೆದ್ದ ತಂಡದ ನಾಯಕಿ, 2014ರಲ್ಲಿ ಇಂಚಿಯಾನಿನಲ್ಲಿ ಮತ್ತೆ ಚಿನ್ನ, ಅದೇ ವರ್ಷ ಅರ್ಜುನ ಪ್ರಶಸ್ತಿ. ನಮ್ಮ ಕಡೆಯ ಅಪ್ಪಂದಿರ ಮಾತಿನ ಧಾಟಿ ಬದಲಾದದ್ದು ಅಲ್ಲಿಂದ ಎಂದು ನನ್ನ ಅಂದಾಜು. ಅಲ್ಲಿಯವರೆಗೆ "ಹುಡುಗಿಯರಿಗೆ ಎಂತಕ್ಕೆ ಕಬಡ್ಡಿ?" ಎನ್ನುತ್ತಿದ್ದವರು ಹೊನಲು ಬೆಳಕಿನ ಪಂದ್ಯಾಟಕ್ಕೆ ಮಗಳನ್ನು ಬೈಕಿನಲ್ಲಿ ತಾವೇ ಕೂರಿಸಿಕೊಂಡು ಬರತೊಡಗಿದರು.

ಇನ್ನೊಂದು ಹೆಸರು ಜೆಮಿಮಾ ರಾಡ್ರಿಗಸ್. ಹುಟ್ಟಿ ಬೆಳೆದದ್ದು ಮುಂಬಯಿಯಾದರೂ ಮೂಲ ನಮ್ಮ ಮಂಗಳೂರು ಕಡೆಯ ಮನೆತನ. ಈಕೆ ಹಾಕಿಯಲ್ಲಿ ಮಹಾರಾಷ್ಟ್ರದ ಹದಿನೇಳರೊಳಗಿನ ತಂಡಕ್ಕೂ ಆಡಿದವಳು, ಎಳೆ ವಯಸ್ಸಿನಲ್ಲೇ ಹತ್ತೊಂಬತ್ತರೊಳಗಿನ ಕ್ರಿಕೆಟ್ ತಂಡಕ್ಕೂ ಆಯ್ಕೆಯಾದವಳು. ತಂದೆ ಇವಾನ್ ಅವರೇ ಮೊದಲ ಕೋಚ್. ಮಗಳ ಶಾಲೆಯಲ್ಲಿ ಹುಡುಗಿಯರ ಕ್ರಿಕೆಟ್ ತಂಡ ಕಟ್ಟಿದವರೂ ಅವರೇ. ಮಕ್ಕಳ ಆಟಕ್ಕೆ ಅನುಕೂಲವಾಗಲಿ ಎಂದು ಮನೆಯನ್ನೇ ಭಾಂಡೂಪಿನಿಂದ ಬಾಂದ್ರಾಕ್ಕೆ ಬದಲಿಸಿದರು. 2022ರ ವಿಶ್ವಕಪ್ ತಂಡದಿಂದ ಆಕೆಯನ್ನು ಬಿಟ್ಟರು. 2025ರ ವಿಶ್ವಕಪ್ಪಿನ ನಡುವೆಯೂ ಒಂದು ಪಂದ್ಯಕ್ಕೆ ಹೊರಗಿಟ್ಟರು. ಆಮೇಲೆ ಅಕ್ಟೋಬರ್ 30ರಂದು ನವಿ ಮುಂಬಯಿಯ ಸೆಮಿಫೈನಲಿನಲ್ಲಿ ಆಸ್ಟ್ರೇಲಿಯ ಕೊಟ್ಟ 339ರ ಗುರಿ ಮುಟ್ಟಿಸಿದ್ದು ಈಕೆಯ ಅಜೇಯ 127 ರನ್. ಪಂದ್ಯ ಮುಗಿದ ಮೇಲೆ ಅಪ್ಪನನ್ನು ಅಪ್ಪಿಕೊಂಡು ಅತ್ತದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. ನಮ್ಮ ಮನೆಯಲ್ಲಿ ಆ ಹೊತ್ತು ಯಾರೂ ಮಾತಾಡಲಿಲ್ಲ.

ನಾನೇಕೆ ಇಷ್ಟು ಆಸ್ಥೆಯಿಂದ ಬರೆಯುತ್ತಿದ್ದೇನೆಂದು ಓದುಗರು ಊಹಿಸಿರಬಹುದು. ನನ್ನ ಮಗಳು ಒಂಬತ್ತನೇ ತರಗತಿ. ಕಬಡ್ಡಿಯಲ್ಲಿ ಬಲ ಮೂಲೆಯ ಕ್ಯಾಚರ್, ವಾಲಿಬಾಲಿನಲ್ಲಿ ಚೆಂಡು ಎತ್ತಿ ಕೊಡುವವಳು, ತ್ರೋಬಾಲಿನಲ್ಲಿ ಹಿಂದಿನ ಸಾಲು. ಮೂರರಲ್ಲಿಯೂ ಪಾಯಿಂಟು ಬಂದಾಗ ಚಪ್ಪಾಳೆ ಬೀಳುವುದು ಬೇರೆಯವರಿಗೆ. ಎತ್ತಿ ಕೊಟ್ಟವಳ ಕೈ ನೋಡುವವರು ಇಡೀ ಮೈದಾನದಲ್ಲಿ ಇಬ್ಬರೇ, ನಾನು ಮತ್ತು ಅವಳಮ್ಮ. "ಒಂದೇ ಆಟ ಹಿಡಿಸಿ ಮಾರಾಯ್ರೆ, ಕ್ರೀಡಾ ಹಾಸ್ಟೆಲಿಗಾದರೂ ಸೀಟು ಸಿಗ್ತದೆ" ಎಂದು ಹಿತೈಷಿಗಳು ಹೇಳುತ್ತಾರೆ. ಮಾತಿನಲ್ಲಿ ಹುರುಳಿಲ್ಲವೆಂದಲ್ಲ, ಹಾಸ್ಟೆಲಿನ ಆಯ್ಕೆ ನಡೆಯುವುದೇ ಹಾಗೆ. ಆದರೆ ಅವಳು ಈಗ ವಾಲಿಬಾಲ್ ಬಿಟ್ಟರೆ ಶಾಲೆಯ ತಂಡದಲ್ಲಿ ಐದೇ ಜನ ಉಳಿಯುತ್ತಾರೆ. ಉಳಿದ ಐವರ ಅಪ್ಪಂದಿರೂ ನಮ್ಮ ಸಂಘದ ಸದಸ್ಯರೇ. "ನೀನೇ ಹೇಳು ಮಗಾ" ಎಂದು ಕೇಳಿದ್ದಕ್ಕೆ ಅವಳು, "ಅಪ್ಪ, ಹತ್ತನೇ ಕ್ಲಾಸು ಮುಗೀಲಿ, ಮತ್ತೆ ನೋಡುವ" ಎಂದಳು. ಗಣೇಶರೂ ಮಮತಾ ಅವರೂ ಆರಿಸಿಕೊಂಡದ್ದು ಶಾಲೆ ದಾಟಿದ ಮೇಲೆಯೇ. ನಾನು ಒಪ್ಪಿದ್ದೇನೆ.

ಕೊನೆಗೆ ಆಡಳಿತ ಮಂಡಳಿಯ ಮುಂದೆ ಒಂದು ಕೋರಿಕೆ. ಗೊಬ್ಬರದ ಗೋದಾಮಿನ ಹಿಂದಿನ ಜಾಗದಲ್ಲಿ ಹೊಸ ಕಟ್ಟಡ ಎಬ್ಬಿಸುವ ಯೋಚನೆ ಇದೆಯೆಂದು ಕೇಳಿದ್ದೇನೆ. ಕಟ್ಟಡ ಬೇಕು, ನನ್ನ ಅಡ್ಡಿ ಇಲ್ಲ. ನಕ್ಷೆ ಮಾಡುವಾಗ ಪೂರ್ವದ ಬದಿಗೆ ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲದ ಒಂದು ಅಂಕಣ, ಸುತ್ತ ಓಡಲು ಮೂರು ಮೂರು ಮೀಟರ್ ಜಾಗ ಬಿಡಬೇಕು. ಅದು ವಾಲಿಬಾಲಿನ ಅಳತೆ. ಹುಡುಗಿಯರ ಕಬಡ್ಡಿ ಅಂಕಣ ಹನ್ನೆರಡಕ್ಕೆ ಎಂಟು, ಅದರೊಳಗೇ ಹಿಡಿಯುತ್ತದೆ. ತ್ರೋಬಾಲಿಗೆ ಗೆರೆ ಸ್ವಲ್ಪ ಹೊರಗೆ ಎಳೆದರಾಯಿತು. ಕಂಬ ಹುಗಿಯುವ ಕೆಲಸಕ್ಕೆ ನಾವು ಹೆತ್ತವರು ಬರುತ್ತೇವೆ.